ಸಮುದ್ರವೇ ನನ್ನ ಗದ್ದೆಯ ಬದು

ನಮ್ಮೂರಿನಲ್ಲಿ ಬದುವಿನ ಜಗಳವಿಲ್ಲದೆ ಮಳೆಗಾಲ ಶುರುವಾದ ನೆನಪೇ ನನಗಿಲ್ಲ. ನಾಟಿಗೆ ಮೊದಲು ಬದು ಕೆತ್ತುವಾಗ ಗುದ್ದಲಿ ಒಂದು ಗೇಣು ಆಚೆ ಬಿದ್ದರೆ ಸಾಕು, ಎರಡು ಮನೆಗಳ ನಡುವೆ ಮಾತು ನಿಲ್ಲುತ್ತಿತ್ತು. ವರ್ಷಕ್ಕೆ ಗೇಣಷ್ಟೇ ಒತ್ತುತ್ತ ಹೋದವನು ಮೊಮ್ಮಗನ ಕಾಲಕ್ಕೆ ಇಡೀ ಗದ್ದೆ ನುಂಗಿರುತ್ತಾನೆ ಎಂದು ಅಜ್ಜ ಹೇಳುತ್ತಿದ್ದ. ಆ ಮಾತು ಕೇಳಿ ಬೆಳೆದದ್ದಕ್ಕೇ ಇರಬೇಕು, ಮಡಗಾಸ್ಕರಿನ ಒಬ್ಬ ದೊರೆ ಆಡಿದನೆಂದು ಅಲ್ಲಿನವರು ಇಂದಿಗೂ ನೆನೆಯುವ ಮಾತೊಂದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟೆ. "ಸಮುದ್ರವೇ ನನ್ನ ಗದ್ದೆಯ ಬದು" ಎಂದಿದ್ದನಂತೆ ಆತ.

ಭತ್ತ ಬೆಳೆಯುವವರ ನಡುವೆ ಹುಟ್ಟಿದವನಿಗೇ ಬರುವ ಮಾತು ಇದು. ಸಮುದ್ರವನ್ನೇ ಕಾಣದ ಎತ್ತರದ ನಾಡಿನಲ್ಲಿ, ನಡುದ್ವೀಪದ ಗುಡ್ಡಗಳ ಮೇಲೆ ಕೂತು ಅವನು ಇದನ್ನು ಹೇಳಿದ. ಅವನ ಹೆಸರು ಆಂಡ್ರಿಯನಂಪುಯಿನಿಮೆರಿನ. ಇಮೆರಿನದ ಹೃದಯದಲ್ಲಿರುವ ಒಡೆಯ ಎಂಬಂಥ ಅರ್ಥ. ಇಮೆರಿನ ಎಂದರೆ ಈಗಿನ ರಾಜಧಾನಿ ಅಂಟನಾನರಿವೊದ ಸುತ್ತಣ ಸೀಮೆ. ಒಂದೇ ಒಂದು ಗುಡ್ಡದ ಒಡೆತನದಿಂದ ಶುರುಮಾಡಿದ ಅವನ ಮನೆತನ ಎರಡು ತಲೆಮಾರಿನೊಳಗೆ ಆ ದೊಡ್ಡ ದ್ವೀಪದ ಮೂರರಲ್ಲಿ ಎರಡು ಪಾಲನ್ನು ಆಳಿತು. ಹೇಗೆ ಎಂದು ಕೇಳಿಕೊಂಡು ಹೊರಟವನಿಗೆ ನೀರಾವರಿ ಸಿಕ್ಕಿತು, ಸಂತೆ ಸಿಕ್ಕಿತು, ಬಂದೂಕು ಸಿಕ್ಕಿತು. ಈ ಮೂರರ ಅಡಿಯಲ್ಲೂ ಮಾರಾಟವಾದ ಮನುಷ್ಯರು ಸಿಕ್ಕರು. ಆ ಮನುಷ್ಯರ ವಿಷಯ ಮನಸ್ಸಿನಿಂದ ಹೋಗದೆ ಇದನ್ನು ಬರೆಯುತ್ತಿದ್ದೇನೆ.

ಮಡಗಾಸ್ಕರಿನಲ್ಲಿ ಮನುಷ್ಯರನ್ನು ಮಾರಿ ಬಂದೂಕು ಕೊಂಡು ದೊರೆಯಾದವರಲ್ಲಿ ಇವನು ಮೊದಲಿಗನೇನಲ್ಲ. ಪಶ್ಚಿಮ ಕರಾವಳಿಯ ಸಕಲಾವ ರಾಜರು 17ನೇ ಶತಮಾನದಲ್ಲೇ ಆ ಹಾದಿ ಹಿಡಿದಿದ್ದರು. ಪೂರ್ವ ಕರಾವಳಿಯಲ್ಲಿ ಇಂಗ್ಲಿಷ್ ಕಡಲ್ಗಳ್ಳನೊಬ್ಬನಿಗೂ ಸ್ಥಳೀಯ ಹೆಣ್ಣಿಗೂ ಹುಟ್ಟಿದ ರಾತ್ಸಿಮಿಲಾಹೊ 18ನೇ ಶತಮಾನದ ಆದಿಯಲ್ಲಿ ಬೆತ್ಸಿಮಿಸರಾಕ ಎಂಬ ಒಕ್ಕೂಟ ಕಟ್ಟಿದ. ಆ ಹೆಸರಿನ ಅರ್ಥ 'ಬೇರೆಯಾಗದ ಬಹುಜನ' ಎಂದು. ಅವನ ಕಾಲ ಮುಗಿದ ಮೇಲೆ ಅದೇ ಕರಾವಳಿಯವರು ನೂರಾರು ದೋಣಿಗಳಲ್ಲಿ ಹೊರಟು ಕೊಮೊರೊ ದ್ವೀಪಗಳ ಮೇಲೆ, ಆಫ್ರಿಕದ ತೀರದ ಮೇಲೆ ಬಿದ್ದು ಜನರನ್ನು ಹಿಡಿದು ತರತೊಡಗಿದರು. ಕೊಮೊರೊದ ಸಣ್ಣ ಸುಲ್ತಾನರು ಊರ ಸುತ್ತ ಗೋಡೆ ಕಟ್ಟಿಸಿಕೊಂಡು ಬ್ರಿಟಿಷರ ಮೊರೆಹೊಕ್ಕರು. ಕೊಳ್ಳುವವನು ಬಂದರಿನಲ್ಲಿ ನಿಂತಿರುವಾಗ ತರುವವರು ಎಲ್ಲಿಂದಲಾದರೂ ತರುತ್ತಿದ್ದರು.

ಕೊಳ್ಳುವವರು ಮಡಗಾಸ್ಕರಿನ ಪೂರ್ವಕ್ಕಿದ್ದ ಎರಡು ಪುಟ್ಟ ದ್ವೀಪಗಳ ಫ್ರೆಂಚರು. ಇಂದಿನ ಮಾರಿಷಸ್ ಮತ್ತು ರಿಯೂನಿಯನ್. 1735ರಲ್ಲಿ ಮಾರಿಷಸ್‌ಗೆ ಗವರ್ನರ್ ಆಗಿ ಬಂದ ಲಾ ಬುರ್ದೊನೆ ಬಂದರು ಕಟ್ಟಿಸಿದ, ಕಬ್ಬಿನ ಬೇಸಾಯಕ್ಕೆ ಚಾಲನೆ ಕೊಟ್ಟ. ಕಲ್ಲು ಹೊರಲು, ಕಾಡು ಕಡಿಯಲು, ಕಾಫಿ ಕೊಯ್ಯಲು, ಕಬ್ಬು ಅರೆಯಲು ಜನ ಬೇಕಿತ್ತು. ಜನರ ಜೊತೆಗೆ ಅವರಿಗೆ ಉಣ್ಣಿಸಲು ಅಕ್ಕಿ, ದನಗಳೂ ಬೇಕಿದ್ದವು. ಮೂರೂ ಮಡಗಾಸ್ಕರಿನಿಂದ ಹಡಗೇರಿದವು. ಶುರುವಿಗೆ ಕರಾವಳಿಯ ಜನರೇ ಮಾರಾಟವಾದರು. 1760ರ ಆಚೀಚೆಯಿಂದ ವ್ಯಾಪಾರಿಗಳ ಕಣ್ಣು ಒಳನಾಡಿನ ಎತ್ತರದ ಸೀಮೆಯ ಮೇಲೆ ಬಿತ್ತು. ಅಲ್ಲಿ ಜನ ದಟ್ಟವಾಗಿದ್ದರು, ನಾಡು ಒಡೆದಿತ್ತು.

ಒಡೆದದ್ದು ಅಣ್ಣತಮ್ಮಂದಿರ ಪಾಲಿನಿಂದ. ಹಿಂದಿನ ರಾಜನೊಬ್ಬ ಇಮೆರಿನವನ್ನು ನಾಲ್ಕು ಮಕ್ಕಳಿಗೆ ನಾಲ್ಕು ಪಾಲು ಮಾಡಿ ಹಂಚಿದ. ಆಮೇಲಿನ ಮುಕ್ಕಾಲು ಶತಮಾನ ಗುಡ್ಡದಿಂದ ಗುಡ್ಡಕ್ಕೆ ಯುದ್ಧ. ಯುದ್ಧದಲ್ಲಿ ಸಿಕ್ಕಿಬಿದ್ದವರಿಗೆ ಈಗ ಬೆಲೆ ಬಂದಿತ್ತು. ಯುದ್ಧವಿಲ್ಲದ ದಿನಗಳಲ್ಲಿಯೂ ಜನ ಕಾಣೆಯಾಗತೊಡಗಿದರು. ಸಂತೆಗೆ ಹೋದವರು ಮರಳಲಿಲ್ಲ. ಸಾಲ ತೀರಿಸಲಾಗದವನ ಮಗಳು ಒತ್ತೆ ಹೋದಳು, ಒತ್ತೆಯಿಂದ ಮಾರಾಟಕ್ಕೆ ಹೋದಳು. ಅಪರಾಧಿ ಎನಿಸಿಕೊಂಡವನ ಹೆಂಡತಿ ಮಕ್ಕಳನ್ನೂ ಕಟ್ಟಿ ಒಯ್ದರು. ತಂಗೇನ ಎಂಬ ವಿಷದ ಬೀಜ ತಿನ್ನಿಸಿ ಸುಳ್ಳು ನಿಜ ತೀರ್ಮಾನಿಸುವ ದಿವ್ಯಪರೀಕ್ಷೆಯೊಂದು ಅಲ್ಲಿತ್ತು. ಅದರಲ್ಲಿ ಸೋತವನ ಮನೆಯೇ ಬರಿದಾಗುತ್ತಿತ್ತು.

ಮಲಗಾಸಿ ಭಾಷೆಯಲ್ಲಿ ಹೀಗೆ ಹೋದವರಿಗೆ 'ವೇರಿ' ಎನ್ನುತ್ತಾರೆ. ಆ ಪದದ ಮೂಲ ಅರ್ಥ 'ಕಳೆದುಹೋದದ್ದು'. ದಾರಿ ತಪ್ಪಿದ ದನವೂ ವೇರಿ, ಕೈಜಾರಿದ ನಾಣ್ಯವೂ ವೇರಿ, ಗುಲಾಮಗಿರಿಗೆ ಬಿದ್ದ ಮಗನೂ ವೇರಿ. ಆ ಪದವನ್ನು ಬಳಸಿದವರು ಉಳಿದುಕೊಂಡವರು, ಮನೆಯ ಹೊಸ್ತಿಲಲ್ಲಿ ನಿಂತು ಹಾದಿ ನೋಡಿದವರು. ಕರಾವಳಿಗೆ ಇಳಿಯುವ ಆ ಕಡಿದಾದ ಕಾಡಿನ ಹಾದಿಯಲ್ಲಿ ಸಾಲಾಗಿ ನಡೆದವರು ತಮ್ಮನ್ನು ತಾವು ಏನೆಂದು ಕರೆದುಕೊಂಡರೋ! 1770ರಿಂದ 1820ರವರೆಗಿನ ಐವತ್ತು ವರ್ಷಗಳಲ್ಲಿ ಎತ್ತರದ ಸೀಮೆಯಿಂದ ಹೀಗೆ ಹೊರಬಿದ್ದವರು ಸುಮಾರು 70,000 ಎಂಬುದು ಚರಿತ್ರಕಾರರ ಒಂದು ಅಂದಾಜು.

ಅವರು ಇಳಿದ ಹಾದಿಯಲ್ಲೇ ಬೆಳ್ಳಿ ಹತ್ತಿ ಬಂತು. ಸ್ಪೇನಿನ ದೊಡ್ಡ ಬೆಳ್ಳಿ ನಾಣ್ಯಗಳು. ಸಂತೆಯ ಸಣ್ಣ ವ್ಯವಹಾರಕ್ಕೆ ಅಷ್ಟು ದೊಡ್ಡ ನಾಣ್ಯ ಒಗ್ಗುತ್ತಿರಲಿಲ್ಲ, ಹಾಗಾಗಿ ಜನ ಅದನ್ನು ಕತ್ತರಿಸುತ್ತಿದ್ದರು. ಅರ್ಧ, ಕಾಲು, ವೀಸ, ಅದಕ್ಕಿಂತಲೂ ಸಣ್ಣ ಚೂರು. ಪ್ರತಿ ಮನೆಯಲ್ಲೂ ಒಂದು ಪುಟ್ಟ ತಕ್ಕಡಿ. ಎಲ್ಲಕ್ಕಿಂತ ಸಣ್ಣ ತೂಕ ಒಂದು ನಾಣ್ಯದ 720ನೇ ಒಂದು ಪಾಲು. ಅದರ ಹೆಸರಿನಲ್ಲೇ ಭತ್ತವಿದೆ, ಅದರ ತೂಕ ಒಂದು ಕಾಳಿನಷ್ಟು. ಹರಿವೆಸೊಪ್ಪನ್ನೋ ಹಿಡಿ ಉಪ್ಪನ್ನೋ ಆ ಚೂರಿಗೆ ತೂಗಿ ಕೊಳ್ಳುತ್ತಿದ್ದರು. ಆದರೆ ದೊರೆಯ ಮುಂದೆ ಹೋಗುವಾಗ ಚೂರು ಕೊಡುವಂತಿರಲಿಲ್ಲ. 'ಹಾಸಿನ' ಎಂಬ ಕಾಣಿಕೆಗೆ ಒಡೆಯದ, ಇಡಿಯಾದ ನಾಣ್ಯವೇ ಆಗಬೇಕು. ಹಾಸಿನ ಎಂದರೆ ಅಲ್ಲಿ ಕಾಣಿಕೆಯೂ ಹೌದು, ದೊರೆಯೊಳಗಿದ್ದು ನೆಲಕ್ಕೆ ಮಳೆಯನ್ನೂ ಹೆಣ್ಣಿಗೆ ಮಕ್ಕಳನ್ನೂ ಕೊಡುವ ಪವಿತ್ರ ಶಕ್ತಿಯೂ ಹೌದು. ಇಡಿಯಾದ ರಾಜ್ಯದ ಗುರುತಿಗೆ ಇಡಿಯಾದ ನಾಣ್ಯ.

ಈ ವಿವರದ ಮುಂದೆ ನಾನು ಬಹಳ ಹೊತ್ತು ನಿಂತೆ. ಆ ನಾಡಿಗೆ ಬೆಳ್ಳಿ ಬರುವ ದೊಡ್ಡ ಬಾಗಿಲು ಒಂದೇ ಇತ್ತು: ಯಾರದೋ ಮನೆಯವರು ಹೊರಗೆ ಹೋಗಬೇಕು. ಹಾಗೆ ಬಂದ ನಾಣ್ಯವನ್ನೇ, ಒಂದು ಚೂರೂ ಕೆತ್ತದೆ, ಜನ ಎರಡೂ ಕೈಯಲ್ಲಿ ಹಿಡಿದು ದೊರೆಗೆ ಒಪ್ಪಿಸಿ ನಮ್ಮನ್ನು ಕಾಯಿ ಎಂದು ಬೇಡಿಕೊಳ್ಳುತ್ತಿದ್ದರು.

ದೊರೆ ಕಾದನೇ? ಕಾದ, ಅದೇ ಇಲ್ಲಿನ ಸಂಕಟ. ಆಂಡ್ರಿಯನಂಪುಯಿನಿಮೆರಿನ 1787ರ ಸುಮಾರಿಗೆ ತನ್ನ ಸೋದರಮಾವನನ್ನೇ ತಳ್ಳಿ ಅಂಬೋಹಿಮಂಗದ ಗುಡ್ಡವನ್ನು ಹಿಡಿದ. ಆ ಗುಡ್ಡ ಈಗ ಯುನೆಸ್ಕೊದ ವಿಶ್ವ ಪರಂಪರೆಯ ತಾಣ. ಕಡಿದಾದ ಮಾಡಿನ, ಒಂದೇ ಕೋಣೆಯ ಅವನ ಮರದ ಮನೆ ಅಲ್ಲಿ ಇನ್ನೂ ಇದೆ. ಮುಂದಿನ ಹತ್ತು ವರ್ಷದೊಳಗೆ ಅಂಟನಾನರಿವೊವನ್ನೂ ಗೆದ್ದು ನಾಲ್ಕು ಪಾಲನ್ನು ಮತ್ತೆ ಒಂದು ಮಾಡಿದ. ವಾರದ ಒಂದೊಂದು ದಿನಕ್ಕೆ ಒಂದೊಂದು ಕಡೆ ಸಂತೆ ಗೊತ್ತುಮಾಡಿದ. ಅಳತೆ ತೂಕಗಳಿಗೆ ಕಟ್ಟು ಹಾಕಿದ. ದಾರಿಯಲ್ಲಿ ಮಕ್ಕಳನ್ನು ಕದ್ದೊಯ್ಯುವವರನ್ನು, ಸಿಕ್ಕಸಿಕ್ಕವರನ್ನು ಕಟ್ಟಿ ಮಾರುವ ಸಣ್ಣಪುಟ್ಟ ಪಾಳೆಯಗಾರರನ್ನು ಬಗ್ಗುಬಡಿದ. ನನ್ನ ಆಳ್ವಿಕೆಗೆ ಬಂದವರನ್ನು ಕಳೆದುಹೋಗಲು ಬಿಡುವುದಿಲ್ಲ ಎಂಬುದು ಅವನ ಭರವಸೆ. ಎರಡು ತಲೆಮಾರಿನಿಂದ ರಾತ್ರಿ ಬಾಗಿಲು ಭದ್ರಪಡಿಸಿ ಮಲಗಿದ್ದ ಜನರಿಗೆ ಆ ಭರವಸೆಯ ಬೆಲೆ ಗೊತ್ತಿತ್ತು. ನಾನು ಅಲ್ಲಿದ್ದಿದ್ದರೆ ನಾನೂ ಅವನ ಗುಡ್ಡದ ಬುಡಕ್ಕೇ ಹೋಗಿ ಗುಡಿಸಲು ಹಾಕುತ್ತಿದ್ದೆ.

ಆದರೆ ಮಾರಾಟ ನಿಲ್ಲಲಿಲ್ಲ. ಅವನಿಗೆ ತಲೆಬಾಗದ ಊರಿನವರು, ಸೋತ ಸೀಮೆಯವರು ಈಗ ಅವನ ಅಪ್ಪಣೆಯಂತೆ, ಅವನಿಗೆ ಸುಂಕ ಸಲ್ಲಿಸಿದ ವ್ಯಾಪಾರಿಗಳ ಹಿಂದೆ ನಡೆದು ಕರಾವಳಿಗೆ ಇಳಿದರು. ಬದಲಿಗೆ ಬಂದ ಬಂದೂಕುಗಳಿಂದ ಮುಂದಿನ ಊರು ಸೋತಿತು. ಮೊದಲು ಹತ್ತು ಕಡೆ ಇದ್ದ ಬಾಗಿಲುಗಳನ್ನು ಮುಚ್ಚಿಸಿ ಒಂದನ್ನು ಮಾತ್ರ ತೆರೆದಿಟ್ಟು ಅದರ ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ ಎಂದರೆ ಸರಿಹೋದೀತು. ದ್ವೀಪದ ರಾಜಸತ್ತೆಗಳ ಬಗ್ಗೆ ಓದುವಾಗ ದಯಾಳುವಾದ ದೊರೆ, ಕ್ರೂರಿಯಾದ ದೊರೆ ಎಂದು ಬೇರೆ ಬೇರೆ ಇಡಲು ನಮಗೆ ಆಸೆ. ಇಮೆರಿನದ ಚರಿತ್ರೆ ಓದಿದ ಮೇಲೆ ನನಗೆ ಹಾಗೆ ಇಡಲು ಆಗುತ್ತಿಲ್ಲ. ಅವನು ಕಾಯುವವನಾದದ್ದೇ ಮಾರುವ ಹಕ್ಕು ತನ್ನೊಬ್ಬನದು ಮಾಡಿಕೊಂಡದ್ದರಿಂದ.

ಗದ್ದೆಯ ವಿಷಯವನ್ನೂ ಹೇಳಲೇಬೇಕು. ಅಂಟನಾನರಿವೊದ ಕೆಳಗೆ ಬೆತ್ಸಿಮಿತಾತಾತ್ರ ಎಂಬ ವಿಶಾಲವಾದ ಬಯಲಿದೆ. ಹಿಂದೆ ಅದು ಜವುಗು. ಹಲವು ದೊರೆಗಳು ಒಬ್ಬರ ಹಿಂದೊಬ್ಬರು ನದಿಗೆ ಏರಿ ಹಾಕಿಸಿ, ಕಾಲುವೆ ತೋಡಿಸಿ ಅದನ್ನು ಭತ್ತದ ಬಯಲಾಗಿಸಿದರು. ಈತ ಅದನ್ನು ಮತ್ತಷ್ಟು ಬೆಳೆಸಿದ. "ನನಗಿರುವ ಶತ್ರು ಹಸಿವೊಂದೇ" ಎಂಬ ಮಾತೂ ಅವನದೆನ್ನುತ್ತಾರೆ. ಏರಿಗೆ ಮಣ್ಣು ಹೊತ್ತವರು ಸ್ವತಂತ್ರ ಪ್ರಜೆಗಳು. ಫನುಂಪುವಾನ ಎಂಬ ಬಿಟ್ಟಿ ಸೇವೆ ದೊರೆಗೆ ಸಲ್ಲಬೇಕಿತ್ತು. ಅಂಡೆವೊ ಎನಿಸಿಕೊಂಡ ಗುಲಾಮರಿಗೆ ದೊರೆಯ ಬಿಟ್ಟಿ ಇರಲಿಲ್ಲ, ಅವರ ದುಡಿಮೆಯೆಲ್ಲ ಮನೆಯೊಡೆಯನಿಗೆ ಸೇರಿದ್ದು. ಹಾಗಾಗಿ ಬಿಟ್ಟಿಗೆ ಹೋದ ರೈತನ ಗದ್ದೆಯನ್ನು ಮನೆಯಲ್ಲಿದ್ದ ಅಂಡೆವೊ ಉಳುತ್ತಿದ್ದ. ಬಿಟ್ಟಿ ಹೆಚ್ಚಾದಷ್ಟೂ ಗುಲಾಮರ ಅಗತ್ಯ ಹೆಚ್ಚಿತು. ಬದು, ಕಾಲುವೆ, ಬಿಟ್ಟಿ, ಮಾರಾಟ ಒಂದಕ್ಕೊಂದು ಹೆಣೆದುಕೊಂಡೇ ಬೆಳೆದವು.

1810ರ ಹೊತ್ತಿಗೆ ಅವನು ಸತ್ತು ಮಗ ರಾಡಾಮ ಪಟ್ಟಕ್ಕೆ ಬಂದ. ಇನ್ನೂ ಹದಿನೇಳು ಹದಿನೆಂಟರ ಹುಡುಗ. ಅದೇ ವರ್ಷ ಬ್ರಿಟಿಷರು ಮಾರಿಷಸ್ ಗೆದ್ದರು. ಗುಲಾಮರ ವ್ಯಾಪಾರವನ್ನು 1807ರಲ್ಲೇ ಕಾನೂನಿನಿಂದ ನಿಷೇಧಿಸಿದ್ದ ಬ್ರಿಟನ್ನಿಗೆ ಈಗ ಆ ವ್ಯಾಪಾರದಿಂದಲೇ ಬದುಕುತ್ತಿದ್ದ ದ್ವೀಪವೊಂದು ಕೈಗೆ ಬಂತು. ಗವರ್ನರ್ ರಾಬರ್ಟ್ ಫರ್ಕ್ವಾರ್ ಯೋಚಿಸಿ ಕಂಡುಕೊಂಡ ದಾರಿ, ಮಾರುವ ದೊರೆಯನ್ನೇ ಕೊಂಡುಬಿಡುವುದು.

1817ರ ಅಕ್ಟೋಬರ್ 23ರಂದು ಒಪ್ಪಂದವಾಯಿತು. ರಾಡಾಮನನ್ನು ಮಡಗಾಸ್ಕರಿನ ರಾಜ ಎಂದು ಅದರಲ್ಲಿ ಕರೆಯಲಾಗಿತ್ತು. ಆಗ ದ್ವೀಪದ ಬಹುಪಾಲು ಅವನ ಕೈಯಲ್ಲೇ ಇರಲಿಲ್ಲ. ತಂದೆ ಬಾಯಲ್ಲಿ ಹೇಳಿದ ಬದು ಮಗನಿಗೆ ಕಾಗದದಲ್ಲಿ ಸಿಕ್ಕಿತು. ಗುಲಾಮರನ್ನು ಹೊರಗೆ ಮಾರುವುದನ್ನು ನಿಲ್ಲಿಸಿದರೆ ವರ್ಷವರ್ಷವೂ ಅವನಿಗೆ ಸಲ್ಲಬೇಕಾದ ಸಾಮಗ್ರಿಯ ಪಟ್ಟಿ ಹೀಗಿದೆ: ಚಿನ್ನದಲ್ಲಿ 1,000 ಡಾಲರ್, ಬೆಳ್ಳಿಯಲ್ಲಿ 1,000 ಡಾಲರ್, 100 ಪೀಪಾಯಿ ಮದ್ದು, 100 ಇಂಗ್ಲಿಷ್ ಕೋವಿ, 10,000 ಚಕಮಕಿ ಕಲ್ಲು, 400 ಕೆಂಪು ಅಂಗಿ, ಅಷ್ಟೇ ಷರಟು, ಷರಾಯಿ, ಬೂಟು, ಟೊಪ್ಪಿ, ದೊರೆಗೆ ಒಂದು ಪೂರ್ಣ ದರ್ಬಾರಿ ಉಡುಪು, ಎರಡು ಕುದುರೆ. ಇವುಗಳ ನಡುವೆ ಭಾರತದ ಬಿಳಿ ಬಟ್ಟೆ 400 ತಾನು, ನೀಲಿ ಬಟ್ಟೆ 200 ತಾನು.

ಆ ಬಟ್ಟೆಯ ಸಾಲನ್ನು ನಾನು ಎರಡು ಸಲ ಓದಿದೆ. ನಮ್ಮ ಯಾವ ಸೀಮೆಯ ಮಗ್ಗದಿಂದ ಹೋಗಿತ್ತೋ ಆ ಬಟ್ಟೆ! ಶತಮಾನಗಳಿಂದ ಈ ಸಾಗರದ ದಡಗಳಲ್ಲಿ ಮನುಷ್ಯರನ್ನು ಕೊಳ್ಳಲು ಬಂದೂಕಿನಷ್ಟೇ ಬಟ್ಟೆಯನ್ನೂ ಬಳಸಿದ್ದಾರೆ. ಈಗ ಆ ವ್ಯಾಪಾರ ನಿಲ್ಲಿಸಲೂ ಅದೇ ಬಟ್ಟೆ. ನೇಯ್ದವನಿಗೆ ಇದೊಂದೂ ತಿಳಿದಿರಲಾರದು.

ಒಪ್ಪಂದದ ಬೆನ್ನಿಗೇ ಫರ್ಕ್ವಾರ್ ರಜೆಯ ಮೇಲೆ ಹೋದ. ಅವನ ಜಾಗಕ್ಕೆ ಬಂದ ಹಂಗಾಮಿ ಗವರ್ನರ್ ಹಾಲ್ ಕೊಡಬೇಕಾದುದನ್ನು ಕೊಡಲೇ ಇಲ್ಲ. ತನ್ನ ಜನರ ಅಸಮಾಧಾನ ಕಟ್ಟಿಕೊಂಡು ವ್ಯಾಪಾರ ನಿಲ್ಲಿಸಿದ್ದ ರಾಡಾಮ ಕೆರಳಿ ಮತ್ತೆ ತೆರೆದ. ಇಂಗ್ಲಿಷರಷ್ಟು ಸುಳ್ಳು ಎಂಬುದು ಆಗ ಅಲ್ಲಿ ಗಾದೆಯೇ ಆಗಿಹೋಯಿತಂತೆ. 1820ರಲ್ಲಿ ಫರ್ಕ್ವಾರ್ ಮರಳಿ ಬಂದ ಮೇಲೆ ಜೇಮ್ಸ್ ಹೇಸ್ಟಿ ಎಂಬ ಸಾರ್ಜೆಂಟ್ ಗುಡ್ಡ ಹತ್ತಿ ಹೋಗಿ ಮತ್ತೆ ಒಪ್ಪಿಸಿದ. ಈ ಸಲ ರಾಡಾಮ ಹೊಸದೊಂದು ಷರತ್ತು ಹಾಕಿದ. ನನ್ನ ಹುಡುಗರಿಗೆ ವಿದ್ಯೆ ಕೊಡಿ, ಕಸುಬು ಕಲಿಸಿ. ಇಪ್ಪತ್ತು ಹುಡುಗರು ಇಂಗ್ಲೆಂಡಿಗೂ ಮಾರಿಷಸ್‌ಗೂ ಹೊರಟರು. ಲಂಡನ್ ಮಿಷನ್ನಿನ ಡೇವಿಡ್ ಜೋನ್ಸ್ ರಾಜಧಾನಿಯಲ್ಲಿ ಶಾಲೆ ತೆರೆದ. 1823ರಲ್ಲಿ ಮಲಗಾಸಿ ಭಾಷೆಗೆ ಲ್ಯಾಟಿನ್ ಲಿಪಿಯನ್ನು ಗೊತ್ತುಮಾಡಿದರು. ಹೊಸದಾಗಿ ಓದುಬರಹ ಕಲಿತವರು ಲೆಕ್ಕ ಇಡಲು, ಆಜ್ಞೆ ಬರೆಯಲು ದಂಡಿನ ಜೊತೆ ಹೋದರು.

ದಂಡು ಎಲ್ಲಿಗೆ ಹೋಯಿತು? ನಾಲ್ಕೂ ದಿಕ್ಕಿನ ಕರಾವಳಿಗೆ. ಬ್ರಿಟಿಷ್ ಮದ್ದು, ಬ್ರಿಟಿಷ್ ಕವಾಯತು. ಗುಲಾಮರನ್ನು ಬಿಡಿಸುವುದಕ್ಕೆಂದು ಕೊಟ್ಟ ಕೋವಿಗಳಿಂದ ಊರುಗಳು ಬಿದ್ದವು. ಸೋತ ಗಂಡಸರನ್ನು ಬಹುಮಟ್ಟಿಗೆ ಕೊಂದರು. ಹೆಂಗಸರು ಮಕ್ಕಳನ್ನು ಇಮೆರಿನಕ್ಕೆ ನಡೆಸಿಕೊಂಡು ಬಂದರು. ಒಪ್ಪಂದ ನಿಷೇಧಿಸಿದ್ದು ಹೊರಗೆ ಕಳಿಸುವುದನ್ನು ಮಾತ್ರ. ಒಳಗೆ ಇಟ್ಟುಕೊಳ್ಳುವುದರ ಬಗ್ಗೆ ಅದರಲ್ಲಿ ಮಾತೇ ಇರಲಿಲ್ಲ. ಹೊರಗಿನ ದಾರಿ ಮುಚ್ಚಿದ್ದರಿಂದ ಒಳಗೆ ಮನುಷ್ಯನ ಬೆಲೆ ಇಳಿಯಿತು, ಸಾಮಾನ್ಯ ರೈತನ ಮನೆಯಲ್ಲೂ ಅಂಡೆವೊ ಇರುವಂತಾಯಿತು. ಹಿಂದೆ ಕಾಡಿನ ಹಾದಿಯಲ್ಲಿ ಕೆಳಗೆ ಇಳಿಯುತ್ತಿದ್ದ ಸಾಲು ಈಗ ಅದೇ ಹಾದಿಯಲ್ಲಿ ಮೇಲೆ ಹತ್ತುತ್ತಿತ್ತು.

1822ರಲ್ಲಿ ನಡೆದ ಎರಡು ಸಂಗತಿಗಳನ್ನು ನಾನು ಯಾವಾಗಲೂ ಒಟ್ಟಿಗೇ ನೆನೆಯುತ್ತೇನೆ. ಒಂದು, ರಾಡಾಮ ತನ್ನ ಜಡೆ ಕತ್ತರಿಸಿ ಸೈನಿಕರಿಗೂ ಕತ್ತರಿಸಲು ಹೇಳಿದಾಗ ಇಮೆರಿನದ ಹೆಂಗಸರು ಗುಂಪುಗೂಡಿ ಎದುರು ನಿಂತದ್ದು. ಗಂಡಸರ ಜಡೆ ಹೆಣೆಯುವುದು ಅಲ್ಲಿ ತಾಯಿ, ಹೆಂಡತಿ, ಅಕ್ಕತಂಗಿಯರ ಕೆಲಸ. ಕರಾವಳಿಯ ಜ್ವರಕ್ಕೆ ಮಕ್ಕಳನ್ನು ಸಾವಿರಗಟ್ಟಲೆ ಕಳೆದುಕೊಳ್ಳುತ್ತಿದ್ದ ತಾಯಂದಿರಿಗೆ ಆ ಜಡೆಯೇ ಕೊನೆಯ ಹಿಡಿತವಾಗಿತ್ತು. ದೊರೆ ಮುಂದಾಳು ಹೆಂಗಸರನ್ನು ಕೊಲ್ಲಿಸಿದ. ಇನ್ನೊಂದು, ರಾಜಮನೆತನದ ರಾತ್ಸಿತಾತನಿನ ಎಂಬ ಯುವಕನ ಕತೆ. ದೊರೆಯ ಅವಕೃಪೆಗೆ ಬಿದ್ದು ಕೈದಿಯಾಗಿ ಮಾರಿಷಸ್ ಸೇರಿದ್ದ ಅವನು ಪೋರ್ಟ್ ಲೂಯಿಯ ಸೆರೆಯಿಂದ ತಪ್ಪಿಸಿಕೊಂಡು ಗುಡ್ಡ ಸೇರಿದ, ಓಡಿಹೋದ ಗುಲಾಮರು ಅವನ ಸುತ್ತ ನೆರೆದರು. ಅವರಲ್ಲಿ ಅವನ ಭಾಷೆಯವರಿದ್ದರು, ಅವನ ಹಿರಿಯರ ಕಾಲದಲ್ಲಿ ಮಾರಾಟವಾಗಿ ಬಂದವರಿದ್ದರು. ಅವನನ್ನು ಹಿಡಿದುಕೊಟ್ಟದ್ದು ಒಳಗಿನವನೇ. ಏಪ್ರಿಲ್ 15ರಂದು ಅವನ ತಲೆ ಕಡಿದರು. ಕಳೆದುಹೋದವರು ಒಡೆಯನ ಮನೆಯವನನ್ನು ಕಂಡು ಏನು ಯೋಚಿಸಿದ್ದಾರು? ನಮ್ಮನ್ನು ಮಾರಿದ ವಂಶದವನು ಎಂದೇ, ನಮ್ಮೂರಿನವನು ಬಂದ ಎಂದೇ?

ಮುಂದಿನ ರಾಣಿಯರ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬೇರೆಯೇ ಒಂದು ಬರಹ ಬೇಡುತ್ತದೆ. ಒಂದನ್ನು ಮಾತ್ರ ಬಿಡಲಾರೆ. ರಾಜ್ಯಕ್ಕೆ ಆಳು ಸಾಲದಾದಾಗ ಮೊಸಾಂಬಿಕ್ ತೀರದಿಂದಲೂ ಜನರನ್ನು ಕದ್ದು ತರಿಸಿದರು. ಇಮೆರಿನದಲ್ಲಿ ಅವರಿಗೆ ಮಸೂಂಬಿಕ ಎಂದೇ ಹೆಸರು. 1877ರ ಜೂನ್ 20ರಂದು ಎರಡನೆಯ ರಾನವಲೂನ ಅವರಿಗೆ ಬಿಡುಗಡೆ ಘೋಷಿಸಿದಳು.

ಆ ಹೆಸರು ಕಂಡಾಗ ನನಗೆ ನಮ್ಮ ಗದ್ದೆ ನೆನಪಾಯಿತು. ಯಲ್ಲಾಪುರದ ಕಡೆಯ ನಮ್ಮೂರಿಗೆ ನಾಟಿಯ ಹೊತ್ತಿಗೆ ಸಿದ್ದಿಗಳ ಕೇರಿಯಿಂದ ಹೆಂಗಸರು ಬರುತ್ತಿದ್ದರು. ಅವರ ಜೊತೆ ಕೆಸರಲ್ಲಿ ಆಡಿ ಬೆಳೆದವ ನಾನು. ಅವರು ಕೊಂಕಣಿಯಲ್ಲಿ ಹಾಡುತ್ತಿದ್ದರು, ನಮ್ಮ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕದ ಗುಲಾಮರಲ್ಲಿ ಬಹಳಷ್ಟು ಜನ ಮೊಸಾಂಬಿಕ್ ತೀರದವರು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೇ ನಮ್ಮ ಸಿದ್ದಿಗಳಲ್ಲಿ ಹಲವರ ಹಿರಿಯರು. ಅದೇ ತೀರದ ಒಂದು ಹಡಗು ಮಡಗಾಸ್ಕರಿಗೆ ತಿರುಗಿತು, ಇನ್ನೊಂದು ಗೋವೆಗೆ. ಇಷ್ಟು ವರ್ಷ ಒಂದೇ ಗದ್ದೆಯಲ್ಲಿ ನಿಂತೂ ನಮ್ಮ ಮನೆಯ ಯಾರೊಬ್ಬರೂ ನಿಮ್ಮ ಹಿರಿಯರು ಎಲ್ಲಿಂದ ಬಂದರು ಎಂದು ಆ ಹೆಂಗಸರನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವರು ಹೇಳುತ್ತಿದ್ದರೋ ಇಲ್ಲವೋ, ಕೇಳಬೇಕಿತ್ತು. ಆ ನೋವು ನನಗಿದೆ.

ಮಲಗಾಸಿಗಳಿಗೆ ಗೋರಿ ಎಂದರೆ ಮನೆಗಿಂತ ಹೆಚ್ಚು. ಎಲ್ಲಿ ಸತ್ತರೂ ಮೂಳೆಗಳನ್ನಾದರೂ ತಂದು ವಂಶದ ಗೋರಿಯಲ್ಲಿ ಹಿರಿಯರ ಪಕ್ಕ ಮಲಗಿಸಬೇಕು. ಮರಳಿ ತರಲಾಗದವರಿಗೆಂದು ನೆಟ್ಟ ಎತ್ತರದ ಕಲ್ಲುಗಳು ಆ ಸೀಮೆಯಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿವೆ. ಅಂಡೆವೊಗಳಿಗೆ ಮಾತ್ರ ಅಂಥ ಗೋರಿ ಇರಲಿಲ್ಲ. ಅವರ ಗೋರಿ, ಇದ್ದರೆ, ಅವರನ್ನು ಹಿಡಿದು ತಂದ ಊರಿನಲ್ಲಿತ್ತು.

1896ರಲ್ಲಿ ಫ್ರೆಂಚರು ದ್ವೀಪವನ್ನು ನುಂಗಿದರು. ಅದೇ ಸೆಪ್ಟೆಂಬರಿನಲ್ಲಿ ಗುಲಾಮಗಿರಿ ರದ್ದಾಯಿತು ಎಂದು ಸಾರಿದರು. ಲಕ್ಷಗಟ್ಟಲೆ ಜನ ಒಂದು ಬೆಳಗ್ಗೆ ಸ್ವತಂತ್ರರಾಗಿ ಎದ್ದರು. ಹುಟ್ಟೂರಿನ ನೆನಪಿದ್ದವರು ಗಂಟು ಕಟ್ಟಿಕೊಂಡು ನಡೆದುಬಿಟ್ಟರು, ದಕ್ಷಿಣಕ್ಕೆ, ಪೂರ್ವಕ್ಕೆ. ಇಮೆರಿನದಲ್ಲೇ ಹುಟ್ಟಿದವರಿಗೆ, ಅಮ್ಮ ಹೇಳಿದ ಊರಿನ ಹೆಸರೂ ಮರೆತುಹೋದವರಿಗೆ ಹೋಗಲು ಜಾಗವಿರಲಿಲ್ಲ. ಹೆಸರಿಗೆ ಬಿಡುಗಡೆ ಬಂದಿತ್ತು, ನೆಲ ಬಂದಿರಲಿಲ್ಲ. ಅವರು ಹಳೆಯ ಒಡೆಯರ ಗದ್ದೆಯನ್ನೇ ಪಾಲಿಗೆ ಹಿಡಿದು, ಅದರ ಬದುವಿನ ಪಕ್ಕದಲ್ಲೇ ಗುಡಿಸಲು ಕಟ್ಟಿಕೊಂಡು, ಮುಂದಿನ ಮಳೆಗೆ ನಾಟಿ ಮಾಡಿದರು.